ಪೀರ್-ಟು-ಪೀರ್ ಜಾಲದಲ್ಲಿ ಗುಟ್ಟು ಮತ್ತು ಗುರುತು: ಉತ್ತರ ಕನ್ನಡದ ಬಳಕೆದಾರರಿಗೊಂದು ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಗಣಕಕ್ಕೆ ಇಳಿಸಿಟ್ಟುಕೊಂಡ ಆಸಕ್ತರು ಹಲವರಿದ್ದಾರೆ. ಗುಣಮಟ್ಟ ಕುಗ್ಗಿಸದೆ ಉಳಿಸಿದ ಧ್ವನಿ ಗಂಟೆಗೆ ಸುಮಾರು 600 ಮೆಗಾಬೈಟ್ ಜಾಗ ತಿನ್ನುವುದರಿಂದ, ಒಂದು ಪ್ರಸಂಗವನ್ನು ಪೂರ್ತಿಯಾಗಿ ಇನ್ನೊಬ್ಬರಿಗೆ ಕಳಿಸುವ ಹೊತ್ತಿಗೆ ಇಮೇಲ್ ಕೈಚೆಲ್ಲುತ್ತದೆ, ಉಚಿತ ಕ್ಲೌಡ್ ಖಾತೆ ತುಂಬಿಹೋಗುತ್ತದೆ. ಇಂಥ ಕೆಲಸಕ್ಕೆ ಪೀರ್-ಟು-ಪೀರ್ ಜಾಲ ಹೇಳಿ ಮಾಡಿಸಿದಂತಿದೆ: ನಡುವೆ ಕಡತವನ್ನು ಇಟ್ಟುಕೊಳ್ಳುವ ಸರ್ವರ್ ಇರುವುದಿಲ್ಲ, ನಿಮ್ಮ ಗಣಕವೇ ಇನ್ನೊಬ್ಬರ ಗಣಕಕ್ಕೆ ನೇರವಾಗಿ ಕಡತವನ್ನು ಕೊಡುತ್ತದೆ. ಆದರೆ ನೇರವಾಗಿ ಕೊಡಬೇಕಾದರೆ ಎರಡೂ ಕಡೆಯವರಿಗೆ ಪರಸ್ಪರರ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ತಿಳಿದಿರಲೇಬೇಕು. ಈ ಬಗೆಯ ಜಾಲಗಳ ಅನಾಮಿಕತೆಯ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಭದ್ರತೆ ಮತ್ತು ಅನಾಮಿಕತೆಯನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದ್ದರೂ, ಬಳಕೆಗೆ ಇಳಿದಾಗ ಅವು ಆಗಾಗ ಒಂದನ್ನೊಂದು ಎದುರು ದಿಕ್ಕಿಗೆ ಎಳೆಯುತ್ತವೆ. ಕಡತ ಕೊಡುತ್ತಿರುವವರು ಯಾರೆಂದು ಖಚಿತವಾಗಿ ಗೊತ್ತಿದ್ದಷ್ಟೂ ನೀವು ಸುರಕ್ಷಿತರು. ನೀವು ಯಾರೆಂದು ಯಾರಿಗೂ ಗೊತ್ತಿಲ್ಲದಷ್ಟೂ ನೀವು ಅನಾಮಿಕರು. ನಮ್ಮ ಜಿಲ್ಲೆಯ ಬಹುಪಾಲು ಬಳಕೆದಾರರಿಗೆ ಬೇಕಾಗಿರುವುದು ಮೊದಲನೆಯದು ಎಂಬುದು ಈ ಲೇಖಕನ ಅಭಿಪ್ರಾಯ. ಎರಡನೆಯದು ನಿಜವಾಗಿ ಬೇಕಾದವರಿಗೆ ಅದರ ಬೆಲೆ ಏನೆಂದು ಮೊದಲೇ ತಿಳಿದಿರಬೇಕು.

ಮೊದಲ ಹೆಜ್ಜೆ: ಯಾರಿಂದ, ಏನನ್ನು ಮರೆಮಾಡಬೇಕು?

ತಂತ್ರಾಂಶ ಇಳಿಸಿಕೊಳ್ಳುವ ಮೊದಲು ಕಾಗದದ ಮೇಲೆ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಮರೆಯಲ್ಲಿರಬೇಕಾದದ್ದು ಕಡತದ ಒಳಗಿನ ವಿಷಯವೋ, ಅದನ್ನು ನೀವು ಕಳಿಸಿದಿರಿ ಎಂಬ ಸಂಗತಿಯೋ? ಮರೆಯಲ್ಲಿರಬೇಕಾದದ್ದು ಯಾರಿಂದ: ಜಾಲದ ಇನ್ನೊಂದು ತುದಿಯಲ್ಲಿರುವವರಿಂದಲೋ, ನಿಮಗೆ ಇಂಟರ್‌ನೆಟ್ ಕೊಡುವ ಸಂಸ್ಥೆಯಿಂದಲೋ, ಮನೆಯ ಗಣಕವನ್ನು ಬಳಸುವ ಇತರರಿಂದಲೋ?

ಎನ್‌ಕ್ರಿಪ್ಷನ್, ಅಂದರೆ ಕೀಲಿಯಿಲ್ಲದವರು ಓದಲಾಗದಂತೆ ದತ್ತಾಂಶವನ್ನು ಗೂಢಲಿಪಿಗೆ ಬದಲಿಸುವುದು, ಇವುಗಳಲ್ಲಿ ಮೊದಲ ಪ್ರಶ್ನೆಯ ಅರ್ಧಕ್ಕೆ ಮಾತ್ರ ಪರಿಹಾರ. ಶಿರಸಿಯ ಅಡಿಕೆ ವ್ಯಾಪಾರಿ ಅಂಗಳದಲ್ಲಿ ಟೆಂಡರ್ ಹಾಕುವಾಗ ಬರೆದ ದರ ಮುಚ್ಚಿಯೇ ಇರುತ್ತದೆ, ಆದರೆ ಯಾರು ಯಾವ ರಾಶಿಯ ಬಳಿ ನಿಂತು ಅಡಿಕೆ ಮುರಿದು ನೋಡಿದರು ಎಂಬುದು ಅಂಗಳದಲ್ಲಿದ್ದ ಎಲ್ಲರಿಗೂ ಕಾಣುತ್ತದೆ. ಎನ್‌ಕ್ರಿಪ್ಟ್ ಆದ ಸಂಪರ್ಕದ ಸ್ಥಿತಿಯೂ ಇದೇ: ಒಳಗಿನ ಮಾತು ತಿಳಿಯದು; ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದತ್ತಾಂಶ ಹೋಯಿತೆಂಬುದು ತಿಳಿಯುತ್ತದೆ.

ಸಣ್ಣ ಊರಿನ ಇನ್ನೊಂದು ವಾಸ್ತವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಗೆ ಫೈಬರ್ ಎಳೆದುಕೊಟ್ಟವರು ಹಲವು ಕಡೆ ಊರಿನವರೇ ಆಗಿರುತ್ತಾರೆ, ಯಾವ ಸಂಪರ್ಕ ಯಾರ ಮನೆಯದೆಂದು ದಾಖಲೆ ತೆರೆಯದೆಯೇ ಹೇಳಬಲ್ಲರು. ಇದು ಆಕ್ಷೇಪವಲ್ಲ, ಸಂಪರ್ಕ ಕೊಟ್ಟವರಿಂದ ಮರೆಯಾಗಬೇಕೆಂದಿದ್ದರೆ ಅದಕ್ಕೆ ಪ್ರತ್ಯೇಕ ಉಪಾಯ ಬೇಕು ಎಂಬ ಸೂಚನೆ ಮಾತ್ರ.

ಎರಡನೆಯ ಹೆಜ್ಜೆ: ನಿಮ್ಮ ಮನೆಯ ಸಂಪರ್ಕವನ್ನು ಪರಿಶೀಲಿಸಿ

ರೂಟರ್‌ನ ನಿರ್ವಹಣಾ ಪುಟವನ್ನು ತೆರೆದು ಅದರ ಹೊರಗಿನ ಐಪಿ ವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ ನೀವು ಕ್ಯಾರಿಯರ್-ಗ್ರೇಡ್ ನ್ಯಾಟ್‌ನ ಹಿಂದೆ ಇದ್ದೀರಿ, ಅಂದರೆ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿದ್ದೀರಿ. ಇದರಿಂದ ಅನಾಮಿಕತೆ ದಕ್ಕಿತೆಂದು ಸಮಾಧಾನಪಟ್ಟುಕೊಳ್ಳಬೇಡಿ. ಯಾವ ಹೊತ್ತಿನಲ್ಲಿ ಯಾವ ಪೋರ್ಟ್ (ಒಂದೇ ವಿಳಾಸದೊಳಗಿನ ಬಾಗಿಲ ಸಂಖ್ಯೆ) ಯಾರಿಗೆ ಹಂಚಿಕೆಯಾಗಿತ್ತು ಎಂಬ ದಾಖಲೆಯಿಂದ ಸಂಸ್ಥೆಯು ಗ್ರಾಹಕನನ್ನು ಗುರುತಿಸಬಲ್ಲದು.

ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿ ಆವೃತ್ತಿ 6 ಬಂದ ಮೇಲೆ ಚಿತ್ರ ಬದಲಾಗಿದೆ. ಇಲ್ಲಿ ಮನೆಯ ಪ್ರತಿಯೊಂದು ಉಪಕರಣಕ್ಕೂ ಜಗತ್ತಿಗೆಲ್ಲ ಕಾಣುವ ಸ್ವಂತ ವಿಳಾಸವಿರುತ್ತದೆ. ಈ ವಿಳಾಸದ ಉತ್ತರಾರ್ಧವನ್ನು ಈಗಿನ ಕಾರ್ಯಾಚರಣ ವ್ಯವಸ್ಥೆಗಳು ಆಗಾಗ ಬದಲಿಸುತ್ತವೆಯಾದರೂ, ಪೂರ್ವಾರ್ಧವು ನಿಮ್ಮ ಮನೆಯ ಸಂಪರ್ಕಕ್ಕೆ ಅಂಟಿಕೊಂಡಿರುತ್ತದೆ. ರೂಟರ್‌ನಲ್ಲಿ ಆವೃತ್ತಿ 6ಕ್ಕೂ ಫೈರ್‌ವಾಲ್ (ಹೊರಗಿನಿಂದ ಬರುವ ಅನಗತ್ಯ ಸಂಪರ್ಕಗಳನ್ನು ತಡೆಯುವ ವ್ಯವಸ್ಥೆ) ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ಜೊತೆಗೆ ‘ಯುಪಿಎನ್‌ಪಿ’ ಎಂಬ ಸೌಲಭ್ಯವನ್ನು ನಿಲ್ಲಿಸಿ. ಮನೆಯೊಳಗಿನ ಯಾವ ತಂತ್ರಾಂಶವಾದರೂ ನಿಮ್ಮನ್ನು ಕೇಳದೆಯೇ ಹೊರಗಿನವರಿಗೆ ಬಾಗಿಲು ತೆರೆಯಲು ಅದು ಅವಕಾಶ ಕೊಡುತ್ತದೆ. ರೂಟರ್‌ನೊಂದಿಗೆ ಬಂದ ಗುಪ್ತಪದವನ್ನು ಇನ್ನೂ ಬದಲಿಸಿಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಗೂ ಅರ್ಥವಿಲ್ಲ.

ಮೂರನೆಯ ಹೆಜ್ಜೆ: ಪರಿಚಿತರ ನಡುವೆ ಹಂಚಿಕೆ

ಶಿರಸಿಯ ಮನೆ, ಕಾರವಾರದ ಕಚೇರಿ, ಬೆಂಗಳೂರಿನ ತಮ್ಮನ ಗಣಕ ಎಂಬಂತೆ ಗೊತ್ತಿರುವವರ ನಡುವೆಯೇ ಕಡತಗಳು ಓಡಾಡಬೇಕಾಗಿದ್ದರೆ ‘ಸಿಂಕ್‌ಥಿಂಗ್’ ಎಂಬ ಮುಕ್ತ ತಂತ್ರಾಂಶ ಸಾಕು, ಅನಾಮಿಕ ಜಾಲಗಳ ಗೊಡವೆಯೇ ಬೇಡ. ಅಳವಡಿಸಿದ ಕೂಡಲೇ ಅದು ನಿಮ್ಮ ಗಣಕಕ್ಕೊಂದು ಪ್ರಮಾಣಪತ್ರವನ್ನು ಸೃಷ್ಟಿಸಿ, ಅದರಿಂದ 56 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆಯನ್ನು ಹೊರಡಿಸುತ್ತದೆ. ತೆರೆಯ ಮೇಲೆ ಅದು ಏಳೇಳರ ಎಂಟು ಗುಂಪುಗಳಾಗಿ ಕಾಣುತ್ತದೆ. ನಿಮ್ಮ ಸಂಖ್ಯೆಯನ್ನು ಅವರು, ಅವರ ಸಂಖ್ಯೆಯನ್ನು ನೀವು ಸೇರಿಸಿಕೊಂಡ ಮೇಲಷ್ಟೇ ಸಂಪರ್ಕ ಏರ್ಪಡುತ್ತದೆ.

ಇಲ್ಲಿ ಆತುರ ಬೇಡ. ಸಂಖ್ಯೆ ವಾಟ್ಸಾಪ್‌ನಲ್ಲಿ ಬಂದಿದ್ದರೆ, ಫೋನ್ ಮಾಡಿ, ಪರಿಚಿತ ದನಿಯಿಂದಲೇ ಮೊದಲ ಮತ್ತು ಕೊನೆಯ ಗುಂಪುಗಳನ್ನಾದರೂ ಓದಿಸಿ ತಾಳೆ ನೋಡಿ. ಇಡೀ ವ್ಯವಸ್ಥೆಯ ಭದ್ರತೆ ನಿಂತಿರುವುದು ಈ ತಾಳೆಯ ಮೇಲೆ. ಸಂಖ್ಯೆ ಇನ್ನೊಬ್ಬರ ಕೈಗೆ ಸಿಕ್ಕರೂ ಅವರು ನಿಮ್ಮ ಕಡತ ತೆರೆಯಲಾರರು, ಆದರೆ ಅದನ್ನು ಬಳಸಿ ನಿಮ್ಮ ಸದ್ಯದ ಐಪಿ ವಿಳಾಸವನ್ನು ಹುಡುಕಬಲ್ಲರು. ಗಣಕಗಳು ಪರಸ್ಪರರನ್ನು ಪತ್ತೆಮಾಡಲೆಂದು ಜಾಗತಿಕ ಅನ್ವೇಷಣಾ ಸರ್ವರ್‌ಗಳಲ್ಲಿ ತಮ್ಮ ಸಂಖ್ಯೆ ಮತ್ತು ವಿಳಾಸವನ್ನು ನೋಂದಾಯಿಸುವುದೇ ಇದಕ್ಕೆ ಕಾರಣ. ಎಲ್ಲ ಗಣಕಗಳೂ ಒಂದೇ ಮನೆಯಲ್ಲಿದ್ದರೆ ಈ ಜಾಗತಿಕ ಅನ್ವೇಷಣೆಯನ್ನು ನಿಲ್ಲಿಸಿಬಿಡಬಹುದು. ಎರಡೂ ಕಡೆ ನ್ಯಾಟ್ ಅಡ್ಡಬಂದಾಗ ದತ್ತಾಂಶವು ಸ್ವಯಂಸೇವಕರ ರಿಲೇ ಸರ್ವರ್ ಮೂಲಕ ಸಾಗುತ್ತದೆ. ರಿಲೇ ನಡೆಸುವವರಿಗೆ ಎರಡೂ ವಿಳಾಸಗಳು ಕಾಣುತ್ತವೆ, ಒಳಗಿನ ವಿಷಯ ಕಾಣುವುದಿಲ್ಲ.

ಸಂಗ್ರಹದ ಮೂಲ ಪ್ರತಿ ಇರುವ ಗಣಕದಲ್ಲಿ ಫೋಲ್ಡರನ್ನು ‘ಕಳಿಸಲು ಮಾತ್ರ’ ಎಂದು ಗೊತ್ತುಪಡಿಸಿ. ಉಳಿದೆಡೆ ಹಳೆಯ ಆವೃತ್ತಿಗಳನ್ನು ಉಳಿಸುವ ಆಯ್ಕೆಯನ್ನು ಚಾಲೂ ಮಾಡಿ, ಏಕೆಂದರೆ ಒಂದು ತುದಿಯಲ್ಲಿ ಅಳಿಸಿದ ಕಡತ ಎಲ್ಲ ತುದಿಗಳಲ್ಲೂ ಅಳಿಯುತ್ತದೆ, ಸಿಂಕ್ ಎಂದರೆ ಬ್ಯಾಕಪ್ ಎಂದಾಗುವುದಿಲ್ಲ. ಪೂರ್ತಿ ನಂಬಿಕೆಯಿಲ್ಲದ ಗಣಕದಲ್ಲೂ ಒಂದು ಪ್ರತಿ ಇಡಬೇಕಾದರೆ ನಿಮ್ಮ ಗಣಕದಲ್ಲೇ ಫೋಲ್ಡರಿಗೆ ಗುಪ್ತಪದ ಹಾಕಿ, ಆ ಗಣಕಕ್ಕೆ ಮಾತ್ರ ಎನ್‌ಕ್ರಿಪ್ಟ್ ಆದ ರೂಪದಲ್ಲೇ ಕಳಿಸುವ ಸೌಲಭ್ಯವಿದೆ. ‘ಇಂಟ್ರೊಡ್ಯೂಸರ್’ ಎಂಬ ಆಯ್ಕೆಯನ್ನು ಮಾತ್ರ ಖಾಲಿ ಬಿಡಿ. ಅದನ್ನು ಗುರುತಿಸಿದರೆ ನಿಮ್ಮ ಸ್ನೇಹಿತರು ಸೇರಿಸಿಕೊಂಡವರೆಲ್ಲ ನಿಮ್ಮ ಪಟ್ಟಿಗೂ ತಾವಾಗಿ ಸೇರುತ್ತಾರೆ. ಆಂಡ್ರಾಯ್ಡ್ ಫೋನಿನವರು ಗಮನಿಸಬೇಕಾದ ಸಂಗತಿಯೆಂದರೆ, ಮೂಲ ತಂಡದ ಆಂಡ್ರಾಯ್ಡ್ ಆವೃತ್ತಿಯ ಬೆಳವಣಿಗೆ 2024ರ ಡಿಸೆಂಬರ್‌ನಲ್ಲಿ ನಿಂತಿದೆ. ಬೇರೆಯವರು ಮುಂದುವರಿಸಿರುವ ಆವೃತ್ತಿಯನ್ನು ಹಾಕಿಕೊಳ್ಳುವಾಗ ಅದನ್ನು ಯಾರು ನಿರ್ವಹಿಸುತ್ತಿದ್ದಾರೆಂದು ನೋಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಟೊರೆಂಟ್ ಬಳಸುವಾಗ

ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್, ಕಡತವನ್ನು ತುಣುಕುಗಳಾಗಿ ಒಡೆದು ಪ್ರತಿ ತುಣುಕಿನ ಹ್ಯಾಶನ್ನು (ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆ) ಟೊರೆಂಟ್ ಎಂಬ ಪಟ್ಟಿ-ಕಡತದಲ್ಲಿರುವುದರೊಂದಿಗೆ ತಾಳೆ ನೋಡುತ್ತದೆ. ಆದ್ದರಿಂದ ನಡುವೆ ಯಾರೋ ತುಣುಕನ್ನು ಕೆಡಿಸಿದರೆ ಅದು ತಾನಾಗಿಯೇ ತಿರಸ್ಕೃತವಾಗುತ್ತದೆ. ಆದರೆ ಟೊರೆಂಟನ್ನು ಮೊದಲು ಸೃಷ್ಟಿಸಿದವರೇ ಅದರಲ್ಲಿ ವೈರಸ್ ಸೇರಿಸಿದ್ದರೆ, ಹ್ಯಾಶ್ ಆ ವೈರಸ್ಸನ್ನೇ ಸುರಕ್ಷಿತವಾಗಿ ನಿಮಗೆ ತಲುಪಿಸುತ್ತದೆ. ಲಿನಕ್ಸ್ ವಿತರಣೆಯಂಥದ್ದನ್ನು ಇಳಿಸಿಕೊಂಡ ಮೇಲೆ ತಯಾರಕರ ಅಧಿಕೃತ ತಾಣದಲ್ಲಿ ಪ್ರಕಟವಾದ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್‌ನೊಂದಿಗೆ ಹೋಲಿಸಿ ನೋಡಿ. ವಿಂಡೋಸ್‌ನಲ್ಲಿ ‘ಸೆವೆನ್-ಜಿಪ್’ ಹಾಕಿಕೊಂಡಿದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿದಾಗ ಈ ಲೆಕ್ಕ ಸಿಗುತ್ತದೆ.

ಅನಾಮಿಕತೆಯ ಮಟ್ಟಿಗೆ ಬಿಟ್‌ಟೊರೆಂಟ್‌ನಲ್ಲಿ ಏನೂ ಇಲ್ಲವೆಂದೇ ತಿಳಿಯಬೇಕು. ಒಂದು ಕಡತವನ್ನು ಹಂಚಿಕೊಳ್ಳುತ್ತಿರುವವರ ಗುಂಪಿಗೆ ಸೇರಿದ ಯಾರಿಗಾದರೂ ಆ ಗುಂಪಿನ ಐಪಿ ವಿಳಾಸಗಳು ತೆರೆಯ ಮೇಲೆಯೇ ಕಾಣುತ್ತವೆ. ನಿಗಾ ಇಡುವವರು ಮಾಡುವುದೂ ಇಷ್ಟೇ, ಸುಮ್ಮನೆ ಗುಂಪಿಗೆ ಸೇರಿ ಪಟ್ಟಿ ಬರೆದುಕೊಳ್ಳುತ್ತಾರೆ. ಒಂದೇ ಗಣಕವು ನೂರಾರು ಪೀರ್‌ಗಳಂತೆ ವೇಷ ಹಾಕುವುದೂ ಕಷ್ಟವಲ್ಲ. 2002ರಲ್ಲಿ ಜಾನ್ ಡೌಸರ್ ಇದನ್ನು ‘ಸಿಬಿಲ್ ದಾಳಿ’ ಎಂಬ ಹೆಸರಿನಲ್ಲಿ ವಿವರಿಸಿ, ಗುರುತನ್ನು ಪ್ರಮಾಣೀಕರಿಸುವ ಕೇಂದ್ರವಿಲ್ಲದ ಜಾಲದಲ್ಲಿ ಇದನ್ನು ಪೂರ್ತಿ ತಡೆಯುವುದು ಕಾರ್ಯತಃ ಸಾಧ್ಯವಿಲ್ಲವೆಂದು ತೋರಿಸಿದರು.

ತಂತ್ರಾಂಶದ ಆಯ್ಕೆಗಳ ಹೆಸರುಗಳನ್ನು ನಂಬಿ ಕೂರುವವರು ಬಹಳ. ‘ಕ್ಯೂಬಿಟ್‌ಟೊರೆಂಟ್’ನಲ್ಲಿರುವ ‘ಅನಾನಿಮಸ್ ಮೋಡ್’ ನಿಮ್ಮ ತಂತ್ರಾಂಶದ ಗುರುತನ್ನು ಮಸುಕುಗೊಳಿಸುತ್ತದೆಯೇ ಹೊರತು ವಿಳಾಸವನ್ನು ಅಡಗಿಸುವುದಿಲ್ಲ. ‘ಎನ್‌ಕ್ರಿಪ್ಷನ್ ಕಡ್ಡಾಯ’ ಎಂಬುದು ಇಂಟರ್‌ನೆಟ್ ಸಂಸ್ಥೆಯ ಯಂತ್ರಗಳಿಗೆ ಟೊರೆಂಟ್ ಸಂಚಾರವನ್ನು ಗುರುತಿಸುವುದನ್ನು ಸ್ವಲ್ಪ ಕಷ್ಟವಾಗಿಸುತ್ತದೆ, ಅಷ್ಟೇ. ಟೊರೆಂಟಿನ ಹ್ಯಾಶ್ ಇರುವ ಮ್ಯಾಗ್ನೆಟ್ ಕೊಂಡಿಯನ್ನು ಇಬ್ಬರಿಗೆ ಮಾತ್ರ ಕೊಟ್ಟಿದ್ದೇನೆ ಎಂಬ ಧೈರ್ಯವೂ ಟೊಳ್ಳು. ಯಾವ ಹ್ಯಾಶ್ ಯಾರ ಬಳಿಯಿದೆ ಎಂದು ಪೀರ್‌ಗಳೇ ಹಂಚಿಕೊಂಡು ಇಟ್ಟುಕೊಳ್ಳುವ ಡಿಎಚ್‌ಟಿ ಎಂಬ ವಿತರಿತ ಕೋಷ್ಟಕದಲ್ಲಿ ಆ ಹ್ಯಾಶ್ ನೋಂದಾಯಿತವಾಗುವುದರಿಂದ, ಹಗಲಿರುಳೂ ಕೋಷ್ಟಕವನ್ನು ಜಾಲಾಡುವ ಯಂತ್ರಗಳಿಗೆ ಅದು ಸಿಕ್ಕೇ ಸಿಗುತ್ತದೆ. ಕುಟುಂಬದ ಚಿತ್ರಗಳನ್ನೋ ಸಂಘದ ದಾಖಲೆಗಳನ್ನೋ ಟೊರೆಂಟ್ ಮೂಲಕವೇ ಕಳಿಸಬೇಕಾಗಿ ಬಂದರೆ ‘ಪ್ರೈವೇಟ್’ ಗುರುತು ಹಾಕಿದ ಟೊರೆಂಟ್ ಮಾಡಿ, ಕಡತದ ಹೆಸರುಗಳೂ ಮರೆಯಾಗುವಂತೆ ಸೆವೆನ್-ಜಿಪ್‌ನಲ್ಲಿ ಗುಪ್ತಪದ ಹಾಕಿದ ಕಟ್ಟಾಗಿ ಕಳಿಸಿ.

ನಿಮ್ಮ ಸಂಚಾರವನ್ನೆಲ್ಲ ತನ್ನ ಸರ್ವರ್ ಮೂಲಕ ಹಾಯಿಸುವ ಸೇವೆಯಾದ ವಿಪಿಎನ್ ಹಾಕಿದರೆ ಗುಂಪಿನವರಿಗೆ ನಿಮ್ಮದರ ಬದಲು ವಿಪಿಎನ್‌ನ ವಿಳಾಸ ಕಾಣುತ್ತದೆ. ನೀವು ಯಾರೆಂಬುದು ವಿಪಿಎನ್ ಸಂಸ್ಥೆಗೆ ಗೊತ್ತಿರುತ್ತದೆ. ಭಾರತದಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ವಿಪಿಎನ್ ಸಂಸ್ಥೆಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದ ವಿವರಗಳನ್ನು 5 ವರ್ಷ ಕಾಪಿಡಬೇಕು. ಇದರ ಬೆನ್ನಿಗೇ ಹಲವು ವಿದೇಶಿ ಸಂಸ್ಥೆಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದುಹಾಕಿದವು. ವಿಪಿಎನ್ ಬಳಸುವುದಾದರೆ ಟೊರೆಂಟ್ ತಂತ್ರಾಂಶದ ಮುಂದುವರಿದ ಆಯ್ಕೆಗಳಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಎಂಬಲ್ಲಿ ವಿಪಿಎನ್‌ನದನ್ನೇ ಆರಿಸಿ. ಹೀಗೆ ಕಟ್ಟಿಹಾಕದಿದ್ದರೆ, ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಚಾಲೂ ಆದಾಗ ವಿಪಿಎನ್ ಏಳುವ ಮೊದಲೇ ಟೊರೆಂಟ್ ಎದ್ದು ನಿಜವಾದ ವಿಳಾಸವನ್ನು ಊರಿಗೆಲ್ಲ ಸಾರಿಬಿಡಬಹುದು. ಮಳೆಗಾಲದ ಘಟ್ಟದ ಮೇಲೆ ಇದು ಅಪರೂಪದ ಪ್ರಸಂಗವಲ್ಲ. ವಿಪಿಎನ್ ಆವೃತ್ತಿ 6ರ ಸಂಚಾರವನ್ನೂ ಹಿಡಿಯುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಕಾನೂನಿನ ಮಾತು ಚುಟುಕಾಗಿ: ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವವರು ಅದೇ ಕ್ಷಣದಲ್ಲಿ ಹಂಚುವವರೂ ಆಗಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಂ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ. ಅದೇ ಕಾಯ್ದೆ ಕಲಾವಿದರ ಪ್ರದರ್ಶನದ ಹಕ್ಕನ್ನೂ 50 ವರ್ಷ ಕಾಯುವುದರಿಂದ, ತಾಳಮದ್ದಳೆಯ ಧ್ವನಿಮುದ್ರಣವನ್ನು ಸಾರ್ವಜನಿಕವಾಗಿ ಹಂಚುವ ಮೊದಲು ಅರ್ಥಧಾರಿಗಳ, ಭಾಗವತರ ಅಥವಾ ಅವರ ವಾರಸುದಾರರ ಒಪ್ಪಿಗೆ ಪಡೆಯುವುದು ಸೌಜನ್ಯವೂ ಹೌದು, ಕ್ಷೇಮವೂ ಹೌದು.

ಐದನೆಯ ಹೆಜ್ಜೆ: ಅನಾಮಿಕತೆ ನಿಜಕ್ಕೂ ಬೇಕಾದಾಗ

ನದಿಯ ಮರಳು ಸಾಗಾಟದ ಅಕ್ರಮಕ್ಕೆ ಸಂಬಂಧಿಸಿದ ದಾಖಲೆಯೊಂದು ಕೈಗೆ ಸಿಕ್ಕಿದೆ, ಅದನ್ನು ಪತ್ರಕರ್ತರಿಗೆ ತಲುಪಿಸಬೇಕು, ಕಳಿಸಿದವರ ಹೆಸರು ಹೊರಬೀಳಬಾರದು ಎಂದಿಟ್ಟುಕೊಳ್ಳೋಣ. ಟಾರ್ ಜಾಲ ಇಂಥದ್ದಕ್ಕಾಗಿಯೇ ಇದೆ. ಅದು ನಿಮ್ಮ ಸಂಚಾರವನ್ನು ಮೂರು ರಿಲೇಗಳ ಮೂಲಕ ಹಾಯಿಸುತ್ತದೆ. ಪ್ರತಿ ರಿಲೇಗೂ ತನ್ನ ಹಿಂದಿನ ಮತ್ತು ಮುಂದಿನ ನೆರೆಯ ಪರಿಚಯ ಮಾತ್ರ ಇರುವುದರಿಂದ, ಹೊರಟವರು ಯಾರು, ತಲುಪಿದ್ದು ಎಲ್ಲಿ ಎಂಬ ಎರಡೂ ಸಂಗತಿಗಳು ಒಂದೇ ರಿಲೇಗೆ ತಿಳಿಯುವುದಿಲ್ಲ.

ಬಿಟ್‌ಟೊರೆಂಟನ್ನು ಟಾರ್ ಮೂಲಕ ಓಡಿಸಬೇಡಿ. ಟಾರ್ ಯೋಜನೆಯವರೇ 2010ರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದಾರೆ. ಡಿಎಚ್‌ಟಿ ಬಳಸುವ ಯುಡಿಪಿ ಎಂಬ ಬಗೆಯ ಸಂಚಾರವನ್ನು ಟಾರ್ ಸಾಗಿಸುವುದಿಲ್ಲವಾದ್ದರಿಂದ ಅದರ ಮಾತುಕತೆ ಪಕ್ಕದ ದಾರಿಯಿಂದ ನೇರವಾಗಿ ಹೊರಟುಬಿಡಬಹುದು. ಪೀರ್‌ಗಳ ಪಟ್ಟಿ ಇಟ್ಟುಕೊಳ್ಳುವ ಸರ್ವರ್ ಆದ ಟ್ರ್ಯಾಕರ್‌ಗೆ ಕಳಿಸುವ ಸಂದೇಶದೊಳಗೇ ಕೆಲವು ತಂತ್ರಾಂಶಗಳು ನಿಜವಾದ ವಿಳಾಸವನ್ನು ಬರೆದುಬಿಡುತ್ತವೆ. ಹೀಗೆ ಬಯಲಾದ ಒಂದು ವಿಳಾಸದ ಎಳೆ ಹಿಡಿದು ಅದೇ ಬಳಕೆದಾರರ ಉಳಿದ ಟಾರ್ ಸಂಚಾರವನ್ನೂ ಗುರುತಿಸಬಹುದೆಂದು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಒಂದೆರಡು ಕಡತಗಳಿಗೆ ‘ಆನಿಯನ್‌ಶೇರ್’ ಒಳ್ಳೆಯದು. ಕಡತವನ್ನು ಅದರೊಳಗೆ ಎಳೆದು ಹಾಕಿ ಹಂಚಿಕೆ ಆರಂಭಿಸಿದರೆ ನಿಮ್ಮ ಗಣಕವೇ ಟಾರ್ ಒಳಗಿನ ತಾತ್ಕಾಲಿಕ ತಾಣವಾಗುತ್ತದೆ. ಅದು ಕೊಡುವ ವಿಳಾಸವನ್ನೂ ಖಾಸಗಿ ಕೀಲಿಯನ್ನೂ ಪಡೆಯುವವರಿಗೆ ತಲುಪಿಸಿ. ಅವರು ಟಾರ್ ಬ್ರೌಸರ್‌ನಲ್ಲಿ ತೆರೆದು ಇಳಿಸಿಕೊಳ್ಳುತ್ತಾರೆ. ವಿಳಾಸ ಮತ್ತು ಕೀಲಿಯನ್ನು ನಿಮ್ಮ ಹೆಸರಿನ ಇಮೇಲ್‌ನಿಂದ ಕಳಿಸಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಒಬ್ಬರು ಇಳಿಸಿಕೊಂಡ ಕೂಡಲೇ ಹಂಚಿಕೆ ತಾನಾಗಿ ನಿಲ್ಲುವುದು ಅದರ ಮೂಲ ವ್ಯವಸ್ಥೆ, ಅದನ್ನು ಬದಲಿಸಬೇಡಿ. ಅವರು ಇಳಿಸಿಕೊಳ್ಳುವವರೆಗೂ ನಿಮ್ಮ ಗಣಕ ಎಚ್ಚರವಾಗಿರಬೇಕು, ಇನ್ವರ್ಟರ್ ಇಲ್ಲದ ಮನೆಯವರು ಇದನ್ನು ನೆನಪಿಡಬೇಕು.

ದೊಡ್ಡ ಸಂಗ್ರಹವನ್ನು ಅನಾಮಿಕವಾಗಿ ಹಂಚಲು 2003ರಲ್ಲಿ ಆರಂಭವಾದ ‘ಐಟುಪಿ’ ಇದೆ. ಅದರೊಳಗೆ ಟೊರೆಂಟ್‌ಗೆಂದೇ ಸಿದ್ಧಪಡಿಸಿದ ತಂತ್ರಾಂಶ ಅಡಕವಾಗಿದೆ, ಅಲ್ಲಿ ಪೀರ್‌ಗಳು ಐಪಿ ವಿಳಾಸದ ಬದಲು ಐಟುಪಿ ಗುರುತುಗಳಿಂದಲೇ ಮಾತಾಡುತ್ತವೆ. ವೇಗ ಸಾಮಾನ್ಯ ಟೊರೆಂಟ್‌ಗಿಂತ ತೀರಾ ಕಡಿಮೆ. ಸಾಮಾನ್ಯ ಬಳಕೆದಾರರ ಗಣಕಗಳೂ ಇತರರ ಸಂಚಾರವನ್ನು ಸಾಗಿಸುವುದರಿಂದ ದತ್ತಾಂಶದ ಮಿತಿಯಿರುವ ಸಂಪರ್ಕಕ್ಕೆ ಇದು ಹೊಂದುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ: ಅನಾಮಿಕತೆಗೆ ಗುಂಪು ಬೇಕು. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳಿಸಿದ ವಿದ್ಯಾರ್ಥಿ ಸಿಕ್ಕಿಬಿದ್ದದ್ದು ಟಾರ್ ಮುರಿದದ್ದರಿಂದಲ್ಲ. ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ವೈ-ಫೈನಲ್ಲಿ ಟಾರ್ ಬಳಸಿದವರು ಯಾರೆಂದು ದಾಖಲೆಯಲ್ಲಿತ್ತು, ವಿಚಾರಿಸಿದಾಗ ಅವನು ಒಪ್ಪಿಕೊಂಡ. ದೊಡ್ಡ ವಿಶ್ವವಿದ್ಯಾಲಯದಲ್ಲೇ ಗುಂಪು ಸಾಲದಾಯಿತೆಂದರೆ, ಯಲ್ಲಾಪುರ ಅಥವಾ ಜೋಯಿಡಾದ ಒಂದು ಕಚೇರಿಯ ಸಂಪರ್ಕದಲ್ಲಿ ಟಾರ್ ಬಳಸುವವರು ಎಷ್ಟು ಜನ ಸಿಕ್ಕಾರು? ಆದ್ದರಿಂದ ಸಂಬಂಧಪಟ್ಟ ಕಚೇರಿಯ ಸಂಪರ್ಕವನ್ನು ಎಂದಿಗೂ ಬಳಸಬೇಡಿ. ಟಾರ್ ಬಳಕೆಯೇ ಎದ್ದುಕಾಣದಿರಬೇಕೆಂದರೆ ಟಾರ್ ಬ್ರೌಸರ್‌ನ ಸಂಪರ್ಕ ಆಯ್ಕೆಗಳಲ್ಲಿ ‘ಸ್ನೋಫ್ಲೇಕ್’ ಎಂಬ ಬ್ರಿಡ್ಜ್ (ಟಾರ್‌ಗೆ ಮರೆಯಾಗಿ ಸೇರುವ ದಾರಿ) ಆರಿಸಿಕೊಳ್ಳಿ. ಆಗ ನಿಮ್ಮ ಸಂಚಾರ ಸ್ವಯಂಸೇವಕರ ಬ್ರೌಸರ್‌ಗಳ ಮೂಲಕ, ವಿಡಿಯೊ ಕರೆಯನ್ನು ಹೋಲುವ ರೂಪದಲ್ಲಿ ಟಾರ್ ಸೇರುತ್ತದೆ. ಹಾಗೆಯೇ, ದೀರ್ಘಕಾಲ ಚಾಲೂ ಇರುವ ಅನಾಮಿಕ ತಾಣಗಳು ಯಾವಾಗ ಬರುತ್ತವೆ, ಯಾವಾಗ ಮರೆಯಾಗುತ್ತವೆ ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳುವವರೂ ಇರುತ್ತಾರೆ. ಶಿರಸಿಯ ಕರೆಂಟ್ ಹೋದಾಗಲೆಲ್ಲ ನಿಮ್ಮ ತಾಣವೂ ಮಾಯವಾಗುತ್ತಿದ್ದರೆ, ಕೆಲವು ತಿಂಗಳ ಟಿಪ್ಪಣಿಯೇ ತಾಲ್ಲೂಕನ್ನು ಹೇಳಿಬಿಡುತ್ತದೆ.

ಆರನೆಯ ಹೆಜ್ಜೆ: ಕಡತದೊಳಗೇ ಉಳಿದಿರುವ ಗುರುತು

ಮೊಬೈಲ್‌ನಲ್ಲಿ ತೆಗೆದ ಚಿತ್ರದಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ, ಸಮಯ, ಫೋನಿನ ಮಾದರಿ ದಾಖಲಾಗಿರಬಹುದು. ಸೀಬರ್ಡ್ ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಕೇಂದ್ರ ಇರುವ ಜಿಲ್ಲೆಯಲ್ಲಿ ಕ್ಯಾಮೆರಾದ ಸ್ಥಳ ದಾಖಲಿಸುವ ಆಯ್ಕೆಯನ್ನು ನಿಲ್ಲಿಸಿಡುವುದೇ ವಿವೇಕ. ವರ್ಡ್ ಮತ್ತು ಪಿಡಿಎಫ್ ಕಡತಗಳ ಗುಣಲಕ್ಷಣಗಳಲ್ಲಿ ಬರೆದವರ ಹೆಸರಿರುತ್ತದೆ, ಕಳಿಸುವ ಮೊದಲು ತೆರೆದು ಅಳಿಸಿ. ಟೊರೆಂಟ್ ಸೃಷ್ಟಿಸುವಾಗ ತಂತ್ರಾಂಶದ ಹೆಸರು ಮತ್ತು ಸೃಷ್ಟಿಯ ಸಮಯವೂ ಅದರಲ್ಲಿ ಸೇರುತ್ತವೆ. ಫೋಲ್ಡರಿಗೆ ನಿಮ್ಮ ಮನೆತನದ ಹೆಸರಿಟ್ಟಿದ್ದರೆ ಅದೂ ಹೋಗುತ್ತದೆ.

ಏಳನೆಯ ಹೆಜ್ಜೆ: ಕರೆಗಳು

ವಾಟ್ಸಾಪ್, ಟೆಲಿಗ್ರಾಮ್, ಸಿಗ್ನಲ್ ಮೂಲಕ ಇಬ್ಬರ ನಡುವಿನ ಕರೆಯೂ ಹಲವು ವೇಳೆ ಪೀರ್-ಟು-ಪೀರ್ ಆಗಿಯೇ ನಡೆಯುತ್ತದೆ, ಆಗ ಮಾತಾಡುವವರಿಗೆ ಪರಸ್ಪರರ ಐಪಿ ವಿಳಾಸ ತಿಳಿಯುವ ಅವಕಾಶವಿದೆ. ವಾಟ್ಸಾಪ್‌ನ ಖಾಸಗಿತನದ ಮುಂದುವರಿದ ಆಯ್ಕೆಗಳಲ್ಲಿ ಕರೆಯ ವೇಳೆ ಐಪಿ ವಿಳಾಸ ಕಾಪಾಡುವ ಗುಂಡಿಯಿದೆ. ಸಿಗ್ನಲ್‌ನಲ್ಲಿ ಎಲ್ಲ ಕರೆಗಳನ್ನೂ ಸರ್ವರ್ ಮೂಲಕವೇ ಹಾಯಿಸುವ ಆಯ್ಕೆ, ಟೆಲಿಗ್ರಾಮ್‌ನಲ್ಲಿ ಪೀರ್-ಟು-ಪೀರ್ ಯಾರಿಗೂ ಬೇಡ ಎನ್ನುವ ಆಯ್ಕೆ ಸಿಗುತ್ತದೆ. ಕರೆಯ ಗುಣಮಟ್ಟ ತುಸು ಇಳಿಯಬಹುದು.

ಎಂಟನೆಯ ಹೆಜ್ಜೆ: ಸಂಪರ್ಕವೇ ಕಡಿದಾಗ

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಂಥ ದಿನಗಳು ಮತ್ತೆ ಬಂದು, ದಾರಿಯ ಜೊತೆಗೆ ಕೇಬಲ್ಲೂ ಟವರೂ ಕೈಕೊಟ್ಟರೆ ಬಳಸಲು ‘ಬ್ರಯರ್’ ಎಂಬ ಆಂಡ್ರಾಯ್ಡ್ ಸಂದೇಶ ತಂತ್ರಾಂಶವನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಇಂಟರ್‌ನೆಟ್ ಇದ್ದಾಗ ಅದು ಟಾರ್ ಮೂಲಕ, ಇಲ್ಲದಾಗ ಬ್ಲೂಟೂತ್ ಅಥವಾ ಒಂದೇ ವೈ-ಫೈ ಮೂಲಕ ನೇರವಾಗಿ ಸಂದೇಶ ದಾಟಿಸುತ್ತದೆ. ಬ್ಲೂಟೂತ್ ಹತ್ತಿರದ ಫೋನುಗಳನ್ನಷ್ಟೇ ತಲುಪುವುದರಿಂದ ಕೇರಿಯಿಂದ ಕೇರಿಗೆ ಸುದ್ದಿ ಹೋಗಬೇಕಾದರೆ ಫೋನ್ ಹಿಡಿದು ಯಾರಾದರೂ ನಡೆಯಲೇಬೇಕು. ಗುಂಪಿನ ಸಂದೇಶವಾದರೆ ಒಬ್ಬ ಸದಸ್ಯರ ಫೋನಿಗೆ ಬಂದದ್ದು ಅವರು ಮುಂದೆ ಭೇಟಿಯಾಗುವ ಸದಸ್ಯರ ಫೋನಿಗೂ ದಾಟುವಂತೆ ವೇದಿಕೆಯನ್ನು ರಚಿಸಿಕೊಳ್ಳಬಹುದು.

ಸಂಪರ್ಕಗಳನ್ನು ಮಳೆಗಾಲಕ್ಕೆ ಮೊದಲೇ ಸೇರಿಸಿಕೊಳ್ಳಿ. ಎದುರುಬದುರು ಕುಳಿತು ಒಬ್ಬರ ಫೋನಿನ ಕ್ಯೂಆರ್ ಚಿತ್ರವನ್ನು ಇನ್ನೊಬ್ಬರು ಸ್ಕ್ಯಾನ್ ಮಾಡುವ ವಿಧಾನವೇ ಉತ್ತಮ, ಸಿಂಕ್‌ಥಿಂಗ್‌ನಲ್ಲಿ ಫೋನಿನ ದನಿಯಿಂದ ಮಾಡಿದ ತಾಳೆ ಇಲ್ಲಿ ಕಣ್ಣೆದುರೇ ಆಗಿಬಿಡುತ್ತದೆ. ದೂರದವರನ್ನು ಕೊಂಡಿ ವಿನಿಮಯದಿಂದ ಸೇರಿಸಲು ಇಂಟರ್‌ನೆಟ್ ಬೇಕು. ಖಾತೆಯ ಗುಪ್ತಪದವನ್ನು ಬರೆದು ಭದ್ರವಾದ ಕಡೆ ಇಡಿ: ನಡುವೆ ಸರ್ವರ್ ಇಲ್ಲದ ಕಾರಣ ಮರೆತ ಗುಪ್ತಪದವನ್ನು ಮರಳಿ ಕೊಡುವವರು ಯಾರೂ ಇಲ್ಲ, ಖಾತೆಯನ್ನು ಅಳಿಸಿ ಎಲ್ಲರನ್ನೂ ಮತ್ತೆ ಹೊಸದಾಗಿ ಸೇರಿಸಿಕೊಳ್ಳಬೇಕಾಗುತ್ತದೆ.